ಬೆವರುವ ಚೀಲ

ನಾನು ಕಲಬುರಗಿ–ಯಾದಗಿರಿ ಬಸ್ಸಿನ ನಿರ್ವಾಹಕ. ಹನ್ನೊಂದು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ನನ್ನದು ಟೈಪ್ 1 ಸಕ್ಕರೆ ಕಾಯಿಲೆ, ಮಾತ್ರೆಗೆ ಬಗ್ಗುವುದಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನು 30 ಡಿಗ್ರಿ ದಾಟಬಾರದು ಎಂದು ಡಬ್ಬಿಯ ಮೇಲೆ ಬರೆದಿದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಬೆಳಗಿನ ಹತ್ತಕ್ಕೇ ಅದು ದಾಟಿರುತ್ತದೆ. ಇಷ್ಟು ವರ್ಷ ಪೆನ್ನಿಗೆ ಒದ್ದೆ ಬಟ್ಟೆ ಸುತ್ತಿ ರೊಟ್ಟಿ ಗಂಟಿನ ಪಕ್ಕ ಇಡುತ್ತಿದ್ದೆ. ಈ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ ಕಡೆಯ ಒಂದು ಔಷಧ ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ಈ ತಂಪು ಚೀಲ ತಂದೆ.

ಐಸ್ ಬೇಡ, ಕರೆಂಟ್ ಬೇಡ. ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಹರಳುಗಳು ನೆನೆದ ಸಾಬೂದಾನಿಯಂತೆ ಉಬ್ಬುತ್ತವೆ. ಮೊದಲ ದಿನ ಅರ್ಧ ಗಂಟೆ ಬಿಟ್ಟೆ, ಪೆನ್ನು ತೂರಿಸಲು ಜಾಗವೇ ಉಳಿಯಲಿಲ್ಲ. ಮರುದಿನ ಟಿಕೆಟ್ ಚೀಲದೊಳಗೆ ಇಟ್ಟೆ. ಪೆನ್ನು ಬೆಚ್ಚಗಾಯಿತು, ನೋಟುಗಳು ಒದ್ದೆಯಾದವು. ನೀರು ಆರಲು ಗಾಳಿ ಬೇಕಲ್ಲ! ಈಗ ನೆರಳಿರುವ ಬದಿಯ ಕಿಟಕಿ ಸರಳಿಗೆ ನೇತುಹಾಕುತ್ತೇನೆ. ಬಿಎಸ್ಸಿ ಓದುವ ಮಗಳು ಥರ್ಮಾಮೀಟರ್ ಇಟ್ಟು ನೋಡಿದಳು: ಹೊರಗೆ 41, ಒಳಗೆ 26.

"ಅಪ್ಪಾ, ಇದಕ್ಕೂ ಚರ್ಮಕ್ಕೂ ಒಂದೇ ವಿದ್ಯೆ, ಬೆವರಿ ತಂಪಾಗುವುದು" ಎಂದವಳು ಚರ್ಮದ ಕಥೆಯನ್ನೇ ಹಿಡಿದು ಕುಳಿತಳು. 1987ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ಅವರ ತಂಡ ಮನುಷ್ಯರ ಚರ್ಮದ ಕೋಶಗಳಿಗೆ ವೈರಸ್ ಮೂಲಕ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿತಂತೆ. ಕೋಶಗಳು ಹಾರ್ಮೋನು ಸುರಿಸತೊಡಗಿದವು. ಹಾಳೆಯಂತೆ ಬೆಳೆಸಿ ಇಲಿಗೆ ಕಸಿ ಮಾಡಿದ ಮೇಲೂ ಆ ಚರ್ಮದಲ್ಲಿ ಹಾರ್ಮೋನು ಸಿಕ್ಕಿತು. 2017ರಲ್ಲಿ ಶಿಕಾಗೋದವರು ಇನ್ಸುಲಿನ್ ಹೆಚ್ಚಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಇಲಿಯ ಚರ್ಮದಿಂದಲೇ ಸುರಿಸಿದರು. ಅದಕ್ಕೆ ಕೀಲಿ ಒಂದು ಔಷಧ: ಮೇವಿನಲ್ಲಿ ಬೆರೆಸಿ ಕೊಟ್ಟರೆ ಮಾತ್ರ ಜೀನ್ ಕೆಲಸ ಮಾಡುತ್ತದೆ. ನನಗೆ ಹಿಡಿಸಿದ್ದು ಈ ಕೀಲಿ. ಆದರೆ ಇನ್ಸುಲಿನ್ ಮಾಡುವ ಕೋಶಗಳೇ ಸತ್ತುಹೋದ ನನ್ನಂಥವನಿಗೆ ಜಿಎಲ್‌ಪಿ-1 ಒಂದೇ ಸಾಲದು ಎಂದೂ ಅವಳೇ ಹೇಳಿದಳು. ಹಾಗಾಗಿ ಇಲಿಗಳ ಭಾಗ್ಯ ಇಲಿಗಳಿಗಿರಲಿ, ನನಗೆ ಚೀಲ.

ಅಂಗಡಿಯವರು "ಇನ್ನು ಫ್ರಿಜ್ಜಿನ ಮಾತೇ ಬೇಡ" ಎಂದಿದ್ದರು. ನಂಬಬೇಡಿ. ಇನ್ನೂ ತೆರೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಈ ಚೀಲ ಅಷ್ಟು ತಂಪಾಗುವುದಿಲ್ಲ. ಜುಲೈನ ಜಿಟಿಜಿಟಿ ಮಳೆಯಲ್ಲಂತೂ ಆರದೆ ಮುಗ್ಗಲು ವಾಸನೆ ಹಿಡಿಯಿತು. ಬಾಯಿಯ ಅಂಟುಪಟ್ಟಿ ಎರಡೇ ತಿಂಗಳಿಗೆ ಹಿಡಿತ ಬಿಟ್ಟಿತು. ವಾಡಿಯಲ್ಲಿ ಬಸ್ ನಿಂತಾಗ ಟೇಲರ್ ಒಬ್ಬರ ಹತ್ತಿರ ಗುಂಡಿ ಹೊಲಿಸಿಕೊಂಡೆ, ಹತ್ತು ರೂಪಾಯಿ.