ಕೂದಲು ಕಸಿಗೆ ಎರಡು ವರ್ಷ: ಮುಂದಲೆ ತುಂಬಿತು, ಮಾತ್ರೆ ಬಿಡಲಾಗಲಿಲ್ಲ

2023ರ ನವೆಂಬರ್‌ನಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬೆಳಗಾವಿಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ನಾನು ಕೂದಲು ಕಸಿ ಮಾಡಿಸಿಕೊಂಡೆ. ವಾಸ ವಿಜಯಪುರದಲ್ಲಿ, ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವುದು ವೃತ್ತಿ. ಈ ವಿಮರ್ಶೆಯನ್ನು ಮೂರನೆಯ ತಿಂಗಳಲ್ಲಿ ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು, ಹನ್ನೆರಡನೆಯ ತಿಂಗಳಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಹಾಗಾಗಿ ಎರಡು ವರ್ಷ ದಾಟುವವರೆಗೆ ಸುಮ್ಮನಿದ್ದೆ.

ಕ್ಲಿನಿಕ್‌ನ ಜಾಹೀರಾತುಗಳು ಹೇಳದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಶಸ್ತ್ರಚಿಕಿತ್ಸೆಯಿಂದ ತಲೆಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಹಿಂದಲೆಯಲ್ಲಿರುವ ಕೂದಲನ್ನು ಬೇರುಸಹಿತ ಕಿತ್ತು ಮುಂದಲೆಯಲ್ಲಿ ನೆಡುತ್ತಾರೆ, ಅಷ್ಟೆ. ಗಂಡಸರ ಸಾಮಾನ್ಯ ಬೋಳುತನದಲ್ಲಿ ಡೈಹೈಡ್ರೊಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿಗೆ ಮುಂದಲೆ ಮತ್ತು ನೆತ್ತಿಯ ಕೂದಲ ಬುಡಗಳು ಸೊರಗುತ್ತವೆ, ಹಿಂದಲೆಯವು ಅಷ್ಟಾಗಿ ಸೊರಗುವುದಿಲ್ಲ. ಹಿಂದಿನ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಮೂಲ ಗುಣವನ್ನು ಬಿಡುವುದಿಲ್ಲವೆಂಬುದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೀಚ್ 1950ರ ದಶಕದಲ್ಲಿಯೇ ತೋರಿಸಿಕೊಟ್ಟರು, ಇಂದಿನ ಕಸಿಯೆಲ್ಲವೂ ನಿಂತಿರುವುದು ಅದರ ಮೇಲೆಯೇ. ಆದರೆ ಹಿಂದಲೆಯ ಆ ಇಡುಗಂಟು ಬೆಳೆಯುವಂಥದ್ದಲ್ಲ. ಒಮ್ಮೆ ತೆಗೆದ ಬುಡದ ಜಾಗದಲ್ಲಿ ಮತ್ತೊಂದು ಬರುವುದಿಲ್ಲ.

ಫೋನಿನಲ್ಲಿ ಮಾತನಾಡಿದ ಸಲಹೆಗಾರ್ತಿ ಮುಂದಲೆ, ನೆತ್ತಿ ಎರಡಕ್ಕೂ ಸೇರಿ 3,500 ಗ್ರಾಫ್ಟ್ ಎಂದು, ನನ್ನ ತಲೆಯನ್ನು ನೋಡದೆಯೇ ಹೇಳಿದ್ದರು. ವೈದ್ಯರು ಹಿಂದಲೆಯನ್ನು ಪರೀಕ್ಷಿಸಿ, 2,400ಕ್ಕಿಂತ ಹೆಚ್ಚು ತೆಗೆಯಬಾರದು, ನೆತ್ತಿಯನ್ನು ಈಗ ಮುಟ್ಟುವುದೇ ಬೇಡ ಎಂದರು. ಒಂದು ಗ್ರಾಫ್ಟ್ ಎಂದರೆ ಒಂದೇ ಕೂದಲಲ್ಲ. ಒಂದರಿಂದ ನಾಲ್ಕು ಕೂದಲುಗಳ ಒಂದು ಗುಚ್ಛ. ಗ್ರಾಫ್ಟಿಗೆ 35 ರೂಪಾಯಿಯಂತೆ 84,000, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 15,120, ಒಟ್ಟು 99,120 ರೂಪಾಯಿ ಕೊಟ್ಟೆ. ಚಿಕಿತ್ಸೆಗೆ ತೆರಿಗೆ ಏಕೆಂದು ಕೌಂಟರಿನಲ್ಲಿ ವಾದಕ್ಕೆ ನಿಂತು ಸೋತೆ: ಇದು ಸೌಂದರ್ಯ ಚಿಕಿತ್ಸೆಯ ಲೆಕ್ಕಕ್ಕೆ ಬರುವುದರಿಂದ ಆರೋಗ್ಯ ಸೇವೆಗಳಿಗಿರುವ ವಿನಾಯಿತಿ ಇದಕ್ಕಿಲ್ಲ. ನನ್ನ ಆರೋಗ್ಯ ವಿಮೆಯೂ ಇದಕ್ಕೆ ಒದಗಲಿಲ್ಲ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೆದರುವುದು ಬೇಡ. ನನಗೆ ಮಾಡಿದ್ದು ಎಫ್‌ಯುಇ, ಅಂದರೆ ಒಂದು ಮಿಲಿಮೀಟರಿನಷ್ಟು ಬಾಯಿಯ ಸಣ್ಣ ಉಪಕರಣದಿಂದ ಗುಚ್ಛಗಳನ್ನು ಒಂದೊಂದಾಗಿ ತೆಗೆಯುವ ವಿಧಾನ. ಪೂರ್ತಿ ಅರಿವಳಿಕೆ ಕೊಡುವುದಿಲ್ಲ; ನೆತ್ತಿಯ ಸುತ್ತ ಚುಚ್ಚುವ ಮರಗಟ್ಟಿಸುವ ಸೂಜಿಗಳೇ ಇಡೀ ದಿನದ ನಿಜವಾದ ನೋವು. ಬೆಳಿಗ್ಗೆ ಒಂಬತ್ತಕ್ಕೆ ಮಲಗಿದವನು ಸಂಜೆ ಐದಕ್ಕೆ ಎದ್ದೆ. ನನ್ನ ದೂರು ನೋವಿನದಲ್ಲ. ವೈದ್ಯರು ಮುಂದಲೆಯ ಗೆರೆ ಬರೆದು, ಸೂಜಿ ಕೊಟ್ಟು, ಕೆಲವು ಗುಚ್ಛಗಳನ್ನು ತೆಗೆದು ಹೊರಟರು. ಉಳಿದ ಹೆಚ್ಚಿನ ಕೆಲಸ ತಂತ್ರಜ್ಞರ ಕೈಯಲ್ಲಿ ನಡೆಯಿತು. ಕೂದಲು ಕಸಿಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದೆಂದೂ ಅದರಲ್ಲಿದೆ. ಈ ವಿಷಯ ನನಗೆ ಗೊತ್ತಾದದ್ದು ಹಣ ಕೊಟ್ಟು ಬಂದ ಮೇಲೆ. ಕತ್ತರಿಸುವವರು ಯಾರು, ನೆಡುವವರು ಯಾರು, ವೈದ್ಯರು ಎಷ್ಟು ಹೊತ್ತು ಕೋಣೆಯಲ್ಲಿರುತ್ತಾರೆ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕಿತ್ತು.

ಬೆಳಗಾವಿಯಲ್ಲಿ ಎರಡು ರಾತ್ರಿ ಉಳಿದು ಬಸ್ಸಿನಲ್ಲಿ ಊರಿಗೆ ಮರಳಿದೆ. ತಲೆಯನ್ನು ಸೀಟಿಗೆ ತಗುಲಿಸದೆ ಕುತ್ತಿಗೆಯ ದಿಂಬಿನ ಮೇಲೆಯೇ ಅಷ್ಟು ದೂರ ಕುಳಿತು ಬಂದದ್ದು ಶಸ್ತ್ರಚಿಕಿತ್ಸೆಗಿಂತ ಕಷ್ಟವಾಯಿತು. ದೂರದಿಂದ ಹೋಗುವವರು ಇನ್ನೆರಡು ದಿನ ಅಲ್ಲಿಯೇ ಉಳಿದರೆ ಒಳ್ಳೆಯದು. ಮೂರನೆಯ ದಿನ ಹಣೆಯ ಬಾವು ಕಣ್ಣಿಗೆ ಇಳಿದು, ಜೇನು ಕಡಿದವನಂತೆ ಕಾಣತೊಡಗಿದೆ. ಎರಡೇ ದಿನದಲ್ಲಿ ಅದು ತಾನಾಗಿ ಇಳಿಯಿತು. ಹಕ್ಕಳೆಗಳು ಹತ್ತು ದಿನದಲ್ಲಿ ಉದುರಿದವು. ತುರಿಕೆ ಮಾತ್ರ ಸಾಕುಬೇಕು ಮಾಡಿತು, ಆದರೆ ಉಗುರು ತಾಗಿಸುವಂತಿರಲಿಲ್ಲ. ಮೂರು ವಾರ ಹೆಲ್ಮೆಟ್ ಹಾಕಬಾರದೆಂದಿದ್ದರಿಂದ ಬೈಕನ್ನು ಮನೆಯಲ್ಲಿಯೇ ನಿಲ್ಲಿಸಿದೆ.

ಆಮೇಲೆ ಬಂದದ್ದು ಉದುರುವ ಕಾಲ. ನೆಟ್ಟ ಕೂದಲು ಮೂರನೆಯ ವಾರದಿಂದ ಎರಡು ತಿಂಗಳೊಳಗೆ ಬಹುಪಾಲು ಉದುರಿಹೋಗುತ್ತದೆ. ಬುಡ ಚರ್ಮದೊಳಗೆ ಉಳಿದು ವಿಶ್ರಾಂತಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಆದರೂ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ನೆಂಟರೆಲ್ಲ ಮನೆ ತುಂಬಿದ್ದಾಗ, ಹಳೆಯ ಕೂದಲಿನಲ್ಲಿಯೂ ಒಂದಿಷ್ಟು ಆ ಆಘಾತಕ್ಕೆ ಉದುರಿ, ಮೊದಲಿಗಿಂತ ಬೋಳಾದ ತಲೆಯಲ್ಲಿ ನಿಲ್ಲುವುದು ಸುಲಭವಾಗಿರಲಿಲ್ಲ. "ರೊಕ್ಕಾ ಕೊಟ್ಟು ಇದ್ದದ್ದೂ ಕಳಕೊಂಡು ಬಂದೆಲ್ಲೋ ತಮ್ಮಾ" ಎಂದು ಅವ್ವ ಎಲ್ಲರೆದುರಿಗೆ ಅಂದಳು. ನಾಲ್ಕನೆಯ ತಿಂಗಳಲ್ಲಿ ಎಳೆಯ, ತುಸು ಗುಂಗುರಾದ ಕೂದಲು ಕಾಣಿಸಿತು. ಎಂಟನೆಯ ತಿಂಗಳಿಗೆ ಬಾಚಣಿಗೆಗೆ ಸಿಕ್ಕಿತು. ವರ್ಷ ತುಂಬುವ ಹೊತ್ತಿಗೆ ಮುಂದಲೆಯ ಗೆರೆ ಸಹಜವಾಗಿ ಕೂತಿತ್ತು. ಹೊಸ ವಿದ್ಯಾರ್ಥಿಗಳಿಗೆ ಏನೂ ತಿಳಿಯಲಿಲ್ಲ. ಇಪ್ಪತ್ತರ ವಯಸ್ಸಿನ ದಟ್ಟಣೆ ಮಾತ್ರ ಬರಲಿಲ್ಲ, ನೇರ ಟ್ಯೂಬ್‌ಲೈಟಿನ ಕೆಳಗೆ ನಿಂತರೆ ಚರ್ಮ ಕಾಣುತ್ತದೆ.

ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. ನೆಟ್ಟದ್ದು ಉಳಿದರೂ, ಅದರ ಹಿಂದೆಯೇ ಇರುವ ಹಳೆಯ ಕೂದಲು ತನ್ನ ಪಾಡಿಗೆ ಉದುರುತ್ತಲೇ ಇರುತ್ತದೆ. ಅದನ್ನು ತಡೆಯಲು ದಿನಕ್ಕೆ ಒಂದು ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ ಮತ್ತು ಹಚ್ಚಿಕೊಳ್ಳಲು ಶೇಕಡಾ 5ರ ಮಿನಾಕ್ಸಿಡಿಲ್ ಬರೆದುಕೊಟ್ಟಿದ್ದಾರೆ; ತಿಂಗಳಿಗೆ ಸಾವಿರದ ಆಸುಪಾಸು. ಎರಡನೆಯ ವರ್ಷದಲ್ಲಿ ಬೇಸತ್ತು ಎಲ್ಲವನ್ನೂ ನಿಲ್ಲಿಸಿದೆ, ಐದು ತಿಂಗಳಲ್ಲಿ ನೆತ್ತಿ ಮೊದಲಿಗಿಂತ ಅಗಲವಾಯಿತು, ಮತ್ತೆ ಶುರುಮಾಡಿದೆ. ಈ ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುವುದುಂಟು, ನನಗೆ ಹಾಗಾಗಲಿಲ್ಲ. ಪ್ರೊಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ವಯಸ್ಸಾದವರು ತಮ್ಮ ವೈದ್ಯರಿಗೆ ಹೇಳಿಯೇ ಇರಬೇಕು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ: ಮುಂದಲೆಗೆ ನಾಲ್ಕೂವರೆ, ಕ್ಲಿನಿಕ್‌ನ ನಡವಳಿಕೆಗೆ ಎರಡೂವರೆ. ಅವರು ಬರೆದುಕೊಟ್ಟ "ಜೀವನಪರ್ಯಂತ ಗ್ಯಾರಂಟಿ"ಯನ್ನು ಓದಿ ನೋಡಿದರೆ ಅದು ನೆಟ್ಟ ಗ್ರಾಫ್ಟಿಗೆ ಮಾತ್ರ, ಹಳೆಯ ಕೂದಲಿಗೆ ಅಲ್ಲ. ಹಿಂದಲೆಯಲ್ಲಿ ಉಳಿದಿರುವ ಬಿಳಿ ಚುಕ್ಕೆಗಳು ಕೂದಲು ಉದ್ದವಿದ್ದಾಗ ಕಾಣುವುದಿಲ್ಲ, ಮೊನ್ನೆ ಬೇಸಿಗೆಗೆಂದು ತೀರ ಗಿಡ್ಡ ಮಾಡಿಸಿದಾಗ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, "ಸರ, ಹಿಂದ ಏನರ ಗಾಯ ಆಗಿತ್ತೇನ್ರಿ?" ಎಂದು ಕೇಳಿದ. ನೆತ್ತಿಗೂ ಮಾಡಿಸಿಕೊಳ್ಳಿರೆಂದು ಬೆಳಗಾವಿಯಿಂದ ಪ್ರತಿ ಹಬ್ಬಕ್ಕೂ ರಿಯಾಯಿತಿಯ ಕರೆ ಬರುತ್ತಿದೆ. ಹಿಂದಲೆಯಲ್ಲಿ ಇನ್ನೆಷ್ಟು ಉಳಿದಿದೆಯೆಂದು ಬೇರೊಬ್ಬ ಚರ್ಮವೈದ್ಯರಿಂದ ಎಣಿಸಿಕೊಳ್ಳುವವರೆಗೆ ನಾನು ಆ ಕರೆಯನ್ನು ಎತ್ತುವುದಿಲ್ಲ.