ಹಾರ್ನ್‌ಬಿ ಮಾದರಿ ರೈಲು: ಸಕಲೇಶಪುರದ ಮನೆಯಲ್ಲಿ ಆರು ಮಳೆಗಾಲ

ಮೆಣಸು ಮಾರಿದ ದುಡ್ಡಿನಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಮಾದರಿ ರೈಲಿನ ಸೆಟ್ ತರಿಸಿದ ದಿನ ಅಮ್ಮ ಅಂದಿದ್ದು, "ಇಷ್ಟು ಕೊಟ್ಟು ಆಟದ ಸಾಮಾನು ತಂದ್ಯೇನೋ?" ನೋಡಿದವರದ್ದೆಲ್ಲ ಒಂದೊಂದು ಮಾತು. ಕೆಲವರಿಗೆ ಇದು ಮಕ್ಕಳ ಆಟಿಕೆ, ಕೆಲವರಿಗೆ 1920ರಿಂದ ರೈಲು ಮಾಡುತ್ತಿರುವ ಹೆಸರು. ತಯಾರಿಕೆ ಚೀನಾಕ್ಕೆ ಹೋದದ್ದಕ್ಕೆ ಇಂದಿಗೂ ಮುಖ ಸಿಂಡರಿಸುವ ಹಳಬರೂ ಇದ್ದಾರೆ.

ಬಲ್ಲವರ ತಕರಾರು ಬೇರೆ. ಹಾರ್ನ್‌ಬಿ ಬಳಸುವ, ಬ್ರಿಟನ್ನಿನ ಓಓ (OO) ಎಂಬ ಅಳತೆಯಲ್ಲಿ ಬೋಗಿ ನಿಜದ 76ನೇ ಒಂದು ಪಾಲು, ಎರಡು ಹಳಿಗಳ ನಡುವಿನ ಅಗಲ ಮಾತ್ರ 16.5 ಮಿ.ಮೀ. ಲೆಕ್ಕದ ಪ್ರಕಾರ 18.83 ಇರಬೇಕು. ಅಲ್ಲಿನ ಎಂಜಿನ್‌ಗಳು ಮೈಕಟ್ಟಿನಲ್ಲಿ ಸಣ್ಣವು. ಆ ಕಾಲದ ಮೋಟರು ಒಳಗೆ ಹಿಡಿಸಲೆಂದು ಮೈ ಹಿಗ್ಗಿಸಿದರು, ನಿಜದ 87ನೇ ಒಂದು ಪಾಲಿನ ಮಾದರಿಗಳಿಗೆಂದಿದ್ದ ಹಳಿಯನ್ನು ಹಾಗೇ ಬಿಟ್ಟರು. ಇದನ್ನು ತಿಳಿದ ಮೇಲೆ ವರ್ಷವಿಡೀ ನನಗೆ ರೈಲಿಗಿಂತ ಆ ಇಕ್ಕಟ್ಟು ಹಳಿಯೇ ಕಾಣುತ್ತಿತ್ತು.

ನಮ್ಮ ಕಡೆ ಜೂನ್ ಹಿಡಿದರೆ ಗೋಡೆಯೂ ಬೆವರುತ್ತದೆ. ಮೋಟರಿಗೆ 12 ವೋಲ್ಟ್ ಬರುವುದು ಹಳಿಯಿಂದ ಚಕ್ರಕ್ಕೆ. ನಡುವೆ ಕಪ್ಪು ಪೊರೆ ಕೂತರೆ ಎಂಜಿನ್ ಮುಗ್ಗರಿಸುತ್ತದೆ. ಹಾಗಾಗಿ ಸಂಜೆ ಕಾಫಿ ಆದ ಮೇಲೆ ಹಳೇ ಬನಿಯನ್ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ, ತೋರುಬೆರಳಿಗೆ ಸುತ್ತಿ, ಹಳಿಯ ನೆತ್ತಿಯನ್ನು ಒರೆಸುತ್ತ ಹೋಗುತ್ತೇನೆ. ಬಟ್ಟೆಯಲ್ಲಿ ಕಪ್ಪು ಗೆರೆ ಮೂಡುವುದು ನಿಲ್ಲುವವರೆಗೂ ಬಿಡುವುದಿಲ್ಲ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಇನ್ನಷ್ಟು ಕೂರುತ್ತದೆ.

ಎರಡನೇ ಮಳೆಗಾಲದಲ್ಲಿ ಹಾಗೆ ಒರೆಸಿ, ಗಲ್ಲ ಮೇಜಿಗೆ ತಾಗಿಸಿಕೊಂಡೇ ಗಾಡಿ ಬಿಟ್ಟೆ. ಅಗಲದ ಬೋಗಿ, ಇಕ್ಕಟ್ಟಿನ ಹಳಿ, ತಿರುವಿನಲ್ಲಿ ತುಸು ವಾಲಿದಂತೆ ಬರುವ ಮೋರೆ. ಎಲ್ಲಿ ನೋಡಿದ್ದೆ ಇದನ್ನು? ಸಕಲೇಶಪುರದ ಪಕ್ಕದ ದೋಣಿಗಲ್ ನಿಲ್ದಾಣದಲ್ಲಿ, ಅಪ್ಪನ ಕೈ ಹಿಡಿದು! ಘಾಟಿಯ ಮೀಟರ್ ಗೇಜ್ ಗಾಡಿ. 1979ರಲ್ಲಿ ಶುರುವಾದ ಆ ಹಳಿ 1996ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ಮುಚ್ಚಿತು. ಆಮೇಲೆ ಬಂದ ಗಾಡಿಗಳಿಗೆ ಆ ಮುಖವಿಲ್ಲ. ಲೆಕ್ಕ ಹಾಕಿದೆ: 16.5 ಅನ್ನು 76ರಿಂದ ಗುಣಿಸಿದರೆ ಸುಮಾರು 1,250 ಮಿ.ಮೀ. ನಮ್ಮ ಬ್ರಾಡ್ ಗೇಜ್ 1,676, ಮೀಟರ್ ಗೇಜ್ 1,000. ಮೀಟರ್ ಗೇಜಿಗೇ ಹತ್ತಿರ. ಆ ಸಂಜೆಯಿಂದ ಹಳಿಯ ಮೇಲೆ ನನಗೆ ಕೋಪವಿಲ್ಲ.

ಕೊಳ್ಳುವುದಾದರೆ ಬೆಲೆ ನೋಡಿ ಹೆದರಬೇಡಿ, ಸಣ್ಣ ಸೆಟ್‌ನಿಂದ ಶುರುಮಾಡಿ. ಮಲೆನಾಡಿನವರು ಎಂಜಿನ್ನನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಘಾಟಿಯ ಹಾಗೆ 50ಕ್ಕೆ 1ರ ಏರು ಕಟ್ಟಬೇಕೆಂದರೆ ಮೀಟರಿಗೆ ಎರಡು ಸೆಂಟಿಮೀಟರ್ ಎತ್ತಬೇಕು. ನಾನು ಹಲಗೆ ಕೊಯ್ಯಿಸಿಟ್ಟಿದ್ದೇನೆ, ಈ ಮಳೆ ನಿಂತ ಮೇಲೆ ಕೂರಿಸುತ್ತೇನೆ.