ಟರ್ಬೊ ಬದಲಿಸದೆ ಓವರ್‌ಬೂಸ್ಟ್ ನಿವಾರಿಸಿದ ಗೋಕುಲ ರಸ್ತೆಯ ಗ್ಯಾರೇಜು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಳಗಲ್ಲಿಯೊಂದರಲ್ಲಿ ಡೀಸೆಲ್ ಪಂಪು, ಇಂಜೆಕ್ಟರು ಮತ್ತು ಟರ್ಬೊ ಕೆಲಸವನ್ನಷ್ಟೇ ಮಾಡುವ ಸಣ್ಣ ಗ್ಯಾರೇಜೊಂದಿದೆ. ಮಾಲೀಕರೂ ಒಬ್ಬ ಸಹಾಯಕರೂ ಸೇರಿ ನಡೆಸುವ ಈ ಗ್ಯಾರೇಜಿಗೆ ಈಗ ಬರುವ ಗಾಡಿಗಳನ್ನೇ ಮುಗಿಸಿಕೊಡಲು ಆಗುತ್ತಿಲ್ಲವಾದ್ದರಿಂದ ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿದ್ದಾರೆ. ಆದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಮಿತಿಗಿಂತ ಹೆಚ್ಚು ಒತ್ತಡ ಕೊಡುವ ಓವರ್‌ಬೂಸ್ಟ್ ದೋಷವನ್ನು ಅವರು ಪತ್ತೆಹಚ್ಚಿದ ಕ್ರಮ ನಮ್ಮ ಭಾಗದಲ್ಲಿ ಅಪರೂಪದ್ದು. ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು) ಮಾಡಿಸಿದ ಡೀಸೆಲ್ ಕಾರು ಇಟ್ಟುಕೊಂಡವರಿಗೆ ಅದರ ವಿವರ ಉಪಯೋಗಕ್ಕೆ ಬಂದೀತು.

ನನ್ನದು 1.6 ಲೀಟರಿನ ಡೀಸೆಲ್ ಸೆಡಾನ್. ರೀಮ್ಯಾಪ್, ಅಗಲವಾದ ಎಕ್ಸಾಸ್ಟ್ ಪೈಪು, ಕಂಪನಿಯ ಡಬ್ಬಿಯ ಬದಲಿಗೆ ತೆರೆದ ಕೋನ್ ಏರ್ ಫಿಲ್ಟರ್ ಇವಿಷ್ಟನ್ನು ಬೇರೆ ಊರಿನಲ್ಲಿ ಹಾಕಿಸಲಾಗಿತ್ತು. ಲಾರಿಯನ್ನು ಓವರ್‌ಟೇಕ್ ಮಾಡಲು ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಗಾಡಿ ಒಮ್ಮೆ ಜೋರಾಗಿ ಚಿಮ್ಮುತ್ತಿತ್ತು. ಮರುಕ್ಷಣವೇ ಎಳೆತವೆಲ್ಲ ಸತ್ತು, ಇಂಜಿನ್ ದೀಪ ಹೊತ್ತಿ, ಇಂಜಿನ್ನನ್ನು ಕಾಪಾಡಲು ಶಕ್ತಿ ತಗ್ಗಿಸುವ ಲಿಂಪ್ ಮೋಡ್‌ಗೆ ಹೋಗುತ್ತಿತ್ತು. ಆಫ್ ಮಾಡಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0234, ಅಂದರೆ ಟರ್ಬೊ ಒತ್ತಡ ಮಿತಿ ಮೀರಿದೆ ಎಂದರ್ಥ. ಅಷ್ಟನ್ನು ನೋಡಿದೊಡನೆ ಊರಿನ ಇನ್ನೊಂದು ವರ್ಕ್‌ಶಾಪಿನವರು ಇಡೀ ಟರ್ಬೊ ಹೊಸದು ಹಾಕಬೇಕೆಂದು 70,000 ರೂಪಾಯಿಯ ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. ಗೋಕುಲ ರಸ್ತೆಯವರು ಆ ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟು, "ಮೊದ್ಲ ಅಳತಿ ನೋಡೂನ್ರಿ ಸರ, ಆಮ್ಯಾಲ ಪಾನಾ ಹಿಡಿಯೂನು" ಎಂದರು.

ಮೊದಲಿಗೆ ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಏನು ಹೇಳುತ್ತದೆಂದು ನೋಡಿದರು. ಇಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು ಸುಮಾರು 1,013 ಮಿಲಿಬಾರ್. 600 ಮೀಟರಿಗಿಂತ ಎತ್ತರದಲ್ಲಿರುವ ಹುಬ್ಬಳ್ಳಿಯಲ್ಲಿ 940ರ ಆಸುಪಾಸು ಇರಬೇಕು, ಹಾಗೆಯೇ ಇತ್ತು. ಸೆನ್ಸರ್ ಸುಳ್ಳು ಹೇಳುತ್ತಿಲ್ಲವೆಂಬುದು ಇದರಿಂದ ಖರ್ಚಿಲ್ಲದೆ ಖಾತ್ರಿಯಾಯಿತು. (ಡ್ಯಾಶ್‌ಬೋರ್ಡಿನ ಮೇಲೆ ಹಚ್ಚಿಸುವ ಬೂಸ್ಟ್ ಮೀಟರು ವಾತಾವರಣಕ್ಕಿಂತ ಹೆಚ್ಚಿನ ಒತ್ತಡವನ್ನಷ್ಟೇ ತೋರಿಸುತ್ತದೆ, ಸ್ಕ್ಯಾನರ್ ಒಟ್ಟು ಒತ್ತಡವನ್ನು ತೋರಿಸುತ್ತದೆ, ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವವರು ಬಹಳ ಮಂದಿ.)

ಆಮೇಲೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಗದಗ ರಸ್ತೆಗೆ ಹೊರಟೆವು. ಬೆಳಗಿನ ಹೊತ್ತು ಖಾಲಿ ಇರುವ ನೇರ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ, 1,500 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಮೂರು ಸಂಗತಿಗಳನ್ನು ದಾಖಲಿಸಿದರು: ಇಸಿಯು (ಇಂಜಿನ್ ಕಂಪ್ಯೂಟರು) ಕೇಳುತ್ತಿರುವ ಒತ್ತಡ, ನಿಜಕ್ಕೂ ಬಂದ ಒತ್ತಡ, ಮತ್ತು ಟರ್ಬೊವನ್ನು ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವಿಗೆ ಹೋಗುತ್ತಿರುವ ಆದೇಶ. ಕೇಳಿದ್ದು 2,250 ಮಿಲಿಬಾರ್, ಬಂದದ್ದು 2,600ರ ಮೇಲೆ. ಆದರೆ ಅವರು ಬೆರಳಿಟ್ಟು ತೋರಿಸಿದ್ದು ಮೂರನೇ ಗೆರೆಯನ್ನು. ಒತ್ತಡ ಏರುತ್ತಿದ್ದಂತೆಯೇ ಇಸಿಯು ಸೊಲೆನಾಯ್ಡಿನ ಆದೇಶವನ್ನು ಇಳಿಸಿಬಿಟ್ಟಿತ್ತು, ಆದರೂ ಒತ್ತಡ ಇಳಿದಿರಲಿಲ್ಲ. ಆದೇಶವೇ ಮೇಲೆ ಉಳಿದಿದ್ದರೆ ರೀಮ್ಯಾಪ್ ಮಾಡಿದವರನ್ನು ಕೇಳಬೇಕಾಗಿತ್ತು. ಇಲ್ಲಿ ಆದೇಶ ಸರಿಯಿದ್ದು, ಅದನ್ನು ಪಾಲಿಸಬೇಕಾದ ಯಂತ್ರಭಾಗ ತಡಮಾಡುತ್ತಿತ್ತು.

ನನ್ನ ಕಾರಿನ ಬಗೆಯ ಟರ್ಬೊದಲ್ಲಿ ಎಕ್ಸಾಸ್ಟ್ ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ವೇನ್‌ಗಳು ಕಿಟಕಿಯ ಗಾಜಿನ ಪಟ್ಟಿಗಳಂತೆ ವೃತ್ತಾಕಾರದಲ್ಲಿ ಜೋಡಿಸಿರುತ್ತವೆ. ವ್ಯಾಕ್ಯೂಮ್ ಎಳೆದಾಗ ಅವು ಮುಚ್ಚಿಕೊಂಡು ಬೂಸ್ಟ್ ಹೆಚ್ಚುತ್ತದೆ, ಬಿಟ್ಟಾಗ ತೆರೆದುಕೊಂಡು ಕಡಿಮೆಯಾಗುತ್ತದೆ. ಹೀಗಾಗಿ ವ್ಯಾಕ್ಯೂಮ್ ಪೈಪು ಒಡೆದರೆ ಬೂಸ್ಟ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅದಕ್ಕೆ ಬರುವ ಕೋಡ್ ಪಿ0299. ವೇಸ್ಟ್‌ಗೇಟು (ಹೆಚ್ಚಾದ ಎಕ್ಸಾಸ್ಟ್ ಗಾಳಿಯನ್ನು ಟರ್ಬೈನಿಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ಇರುವ ಅನೇಕ ಪೆಟ್ರೋಲ್ ಟರ್ಬೊಗಳಲ್ಲಿ ಇದು ತಿರುವುಮುರುವು: ಅಲ್ಲಿ ಆಕ್ಚುಯೇಟರಿಗೆ (ವೇಸ್ಟ್‌ಗೇಟನ್ನೋ ವೇನ್‌ಗಳನ್ನೋ ಸಲಾಕೆಯಿಂದ ಸರಿಸುವ ಭಾಗ) ಒತ್ತಡ ಒಯ್ಯುವ ಪೈಪು ಕಳಚಿದರೆ ಬೂಸ್ಟ್ ಹತೋಟಿ ತಪ್ಪುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಎಷ್ಟೋ ಕಡೆ ಡೀಸೆಲ್ ಗಾಡಿಗಳ ಪೈಪುಗಳನ್ನೆಲ್ಲ ಬದಲಿಸಿ ಬಿಲ್ಲು ಮಾಡುತ್ತಾರೆ.

ಮೊದಲ ಕಾರಣ ಸಿಕ್ಕಿದ್ದು ಸೊಲೆನಾಯ್ಡಿನ ಉಸಿರುಕೊಳವೆಯಲ್ಲಿ. ಹಿಡಿದಿಟ್ಟ ವ್ಯಾಕ್ಯೂಮನ್ನು ಬಿಡಬೇಕಾದರೆ ವಾಲ್ವಿಗೆ ಹೊರಗಿನ ಶುದ್ಧ ಗಾಳಿ ಬೇಕು, ಅದಕ್ಕಾಗಿ ಆ ಕೊಳವೆಯನ್ನು ಕಂಪನಿಯವರು ಏರ್ ಫಿಲ್ಟರ್ ಡಬ್ಬಿಗೆ ಜೋಡಿಸಿದ್ದರು. ಕೋನ್ ಫಿಲ್ಟರ್ ಹಾಕಿದವರು ಡಬ್ಬಿಯನ್ನು ತೆಗೆದು ಕೊಳವೆಯನ್ನು ಹಾಗೇ ಜೋತುಬಿಟ್ಟಿದ್ದರು. ಅದರ ಬಾಯಲ್ಲಿ ಎಣ್ಣೆಗೆ ಮೆತ್ತಿಕೊಂಡ ಧೂಳು ಎರೆಮಣ್ಣಿನಂತೆ ಗಟ್ಟಿಯಾಗಿ, ಸೂಜಿಯಿಂದ ಚುಚ್ಚಿದರಷ್ಟೇ ಪುಡಿಯಾಗುತ್ತಿತ್ತು. ಅದನ್ನು ಶುಚಿಮಾಡಿ, ಕೊಳವೆಯ ತುದಿಗೆ ಸಣ್ಣ ಫಿಲ್ಟರ್ ಹಾಕಿ ಮತ್ತೆ ದಾಖಲಿಸಿದಾಗ ಏರಿಕೆ ಅರ್ಧದಷ್ಟು ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಬಹುಶಃ ಬೇರೆಯವರಾಗಿದ್ದರೆ ಇಷ್ಟಕ್ಕೇ ಕೋಡ್ ಅಳಿಸಿ ಕಳುಹಿಸುತ್ತಿದ್ದರು.

ಇವರು ಕೈಪಂಪಿನಿಂದ ಆಕ್ಚುಯೇಟರಿಗೆ ನೇರವಾಗಿ ವ್ಯಾಕ್ಯೂಮ್ ಕೊಟ್ಟರು. ಸಲಾಕೆ ಮೇಲೇರುವಾಗ ನುಣುಪಾಗಿ ಏರಿತು. ಬಿಡುವಾಗ ಮಾತ್ರ ನಡುದಾರಿಯಲ್ಲಿ ನಿಂತು, ಪಂಪಿನ ಮುಳ್ಳು ಇನ್ನಷ್ಟು ಇಳಿದ ಮೇಲೆ ಟಕ್ಕನೆ ಜಾರಿತು. ವೇನ್‌ಗಳಿಗೆ ಮಸಿ ಕಟ್ಟಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಟರ್ಬೊ ಬಿಚ್ಚಿದ್ದು ಆಗಲೇ. ಟರ್ಬೈನ್ ಕಡೆಯ ಕವಚವನ್ನಷ್ಟೇ ಬೇರ್ಪಡಿಸಿ ವೇನ್‌ಗಳ ಮಸಿಯನ್ನು ತೆಗೆದರು. ತಿರುಗುವ ಒಳಭಾಗವನ್ನು ಬಿಚ್ಚದ ಕಾರಣ ಅದನ್ನು ಮತ್ತೆ ಬ್ಯಾಲೆನ್ಸ್ ಮಾಡಿಸುವ ಪ್ರಸಂಗ ಬರಲಿಲ್ಲ. ವೇನ್‌ಗಳ ಕನಿಷ್ಠ ಹರಿವನ್ನು ನಿಗದಿಪಡಿಸುವ ಸ್ಟಾಪ್ ಸ್ಕ್ರೂವನ್ನು ಮುಟ್ಟಲೇ ಇಲ್ಲ. ಅದನ್ನು ಕಾರ್ಖಾನೆಯಲ್ಲಿ ಅಳತೆಯ ಯಂತ್ರದ ಮೇಲಿಟ್ಟು ಹೊಂದಿಸಿರುತ್ತಾರೆ, ಅಂದಾಜಿನ ಮೇಲೆ ತಿರುಗಿಸಿದರೆ ಒಂದು ದೋಷದ ಜಾಗದಲ್ಲಿ ಇನ್ನೊಂದು ಬರುತ್ತದೆ. ಮರುಜೋಡಣೆಗೆ ಹೊಸ ಗ್ಯಾಸ್ಕೆಟ್, ಹೊಸ ತಾಮ್ರದ ವಾಷರುಗಳನ್ನು ಬಳಸಿ, ಬೇರಿಂಗಿಗೆ ಎಣ್ಣೆ ತಲುಪುವವರೆಗೆ ಇಂಜಿನ್ ಹೊತ್ತಿಕೊಳ್ಳದಂತೆ ಸೆಲ್ಫ್ ಹೊಡೆದರು.

ಈಗ ಬಂದ ಒತ್ತಡದ ಗೆರೆ ಕೇಳಿದ ಒತ್ತಡದ ಗೆರೆಗೆ ಅಂಟಿಕೊಂಡೇ ಸಾಗುತ್ತದೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ಮರಳುವಾಗ ತುಂಬಿದ ಗಾಡಿಯಲ್ಲಿ ಹತ್ತಿದರೂ ಇಂಜಿನ್ ದೀಪ ಹೊತ್ತಲಿಲ್ಲ. ಒಟ್ಟು ಬಿಲ್ಲು ಪರೀಕ್ಷೆಯ ಶುಲ್ಕವೂ ಸೇರಿ 14,500 ರೂಪಾಯಿ.

ಕೊರತೆಗಳೂ ಇವೆ, ಸಣ್ಣವಲ್ಲ. ಹೇಳಿದ ದಿನಕ್ಕೆ ಗಾಡಿ ಸಿಗುವುದಿಲ್ಲ, ಫೋನ್ ಎತ್ತುವುದೂ ಅಪರೂಪ. ಮೊದಲು ಕೊಟ್ಟದ್ದು ಕೈಬರಹದ ಚೀಟಿ. ಜಿಎಸ್‌ಟಿ ಬಿಲ್ಲನ್ನೂ ದಾಖಲೆಯ ಫೈಲನ್ನೂ ಕೇಳಿಯೇ ಪಡೆಯಬೇಕಾಯಿತು. ಕೆಲಸಕ್ಕೆ ಗ್ಯಾರಂಟಿ ಬರೆದುಕೊಡುವುದಿಲ್ಲ. ರೀಮ್ಯಾಪ್ ಬದಲಿಸುವ ಸಲಕರಣೆ ಇವರಲ್ಲಿಲ್ಲದ ಕಾರಣ, ಕಡಿಮೆ ಆರ್‌ಪಿಎಂನಲ್ಲಿ ರೀಮ್ಯಾಪ್ ಅತಿಯಾಗಿ ಬೂಸ್ಟ್ ಕೇಳುತ್ತಿದೆ, ಅಗಲವಾದ ಎಕ್ಸಾಸ್ಟಿನಲ್ಲಿ ಟರ್ಬೊ ಇನ್ನೂ ಬೇಗ ವೇಗ ಹಿಡಿಯುವುದರಿಂದ ಅದನ್ನು ತಗ್ಗಿಸಬೇಕು ಎಂದು ತೋರಿಸಿ, ರೀಮ್ಯಾಪ್ ಮಾಡಿದವರ ಬಳಿಗೇ ಕಳುಹಿಸಿದರು. ಶಕ್ತಿ ಹೆಚ್ಚಿಸಿಕೊಳ್ಳಲು ಬರುವವರಿಗೆ ಇದು ಸರಿಯಾದ ಜಾಗವಲ್ಲ. ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಾತೆತ್ತಿ, ತೆಗೆದಿಟ್ಟ ಮೂಲ ಭಾಗಗಳನ್ನು ಮರಳಿ ಹಾಕಿಸಿರೆಂದು ಬುದ್ಧಿ ಹೇಳುವುದೂ ಉಂಟು. ಹೋಗುವವರು ಕಂಪನಿಯ ಹಳೆಯ ಏರ್ ಫಿಲ್ಟರ್ ಡಬ್ಬಿಯನ್ನು ಎಸೆಯದೆ ಉಳಿಸಿಕೊಂಡಿದ್ದರೆ ಡಿಕ್ಕಿಯಲ್ಲಿಟ್ಟುಕೊಂಡು ಹೋಗಲಿ. ಅವರು ಮೊದಲು ಕೇಳುವುದೇ ಅದನ್ನು.